ನನ್ನ ಅಗ್ಗದ ಕ್ಯಾಂಪ್ ಚಾಕು ಸಾಣೆ ಹಿಡಿಸಿದರೂ ಬೇಗ ಮೊಂಡಾಗುತ್ತದೆ. ದುಬಾರಿಯದು ಕೊಳ್ಳಲೇ?

ಬೇಡ, ಕೊಳ್ಳಬೇಡಿ. ಈಗಂತೂ ಖಂಡಿತ ಬೇಡ. ಗ್ರೈಂಡರ್‌ನಲ್ಲಿ ಸಾಣೆ ಹಿಡಿಸಿದ ದಿನ ಕಾಗದವನ್ನು ಸರ್ರನೆ ಸೀಳುತ್ತದೆ, ಕ್ಯಾಂಪಿಗೆ ಹೋಗಿ ನಾಲ್ಕು ಕಡ್ಡಿ ಹೆರೆಯುವಷ್ಟರಲ್ಲಿ ಮತ್ತೆ ಮೊಂಡು, ಅಗ್ಗದ ಉಕ್ಕಿನ ಹಣೆಬರಹವೇ ಇಷ್ಟಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಸಿಕ್ಕಸಿಕ್ಕವರ ಹತ್ತಿರ ಇದನ್ನೇ ಹೇಳಿಕೊಂಡು ತಿರುಗಿದ್ದೆ. ಗ್ರೈಂಡರ್ ಅಂತ ಓದಿದ ಕೂಡಲೇ ಬರೆಯಲೇಬೇಕು ಅನಿಸಿತು.

ನನ್ನದು ಕಾರ್ಬನ್ ಉಕ್ಕಿನ ಚಾಕು. ಮಡಚುವಂಥದ್ದಲ್ಲ. ಅಂಗೈ ಉದ್ದದ ಅಲಗು, ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಒರೆ. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಹಗ್ಗ ಕತ್ತರಿಸಿದೆ, ಟೆಂಟಿನ ಗೂಟ ಚೂಪು ಮಾಡಿದೆ, ಒಣ ಕಡ್ಡಿಯನ್ನು ಸುರುಳಿ ಸುರುಳಿಯಾಗಿ ಹೆರೆದು ಬೆಂಕಿ ಹೊತ್ತಿಸಿದೆ. ಎಲ್ಲ ಚಾಕುಗಳ ಹಾಗೆ ಅದೂ ನಿಧಾನಕ್ಕೆ ಹರಿತ ಕಳೆದುಕೊಂಡಿತು. ಕಲ್ಲಿನ ಮೇಲೆ ಮಸೆಯಲು ನನಗೆ ಬರುತ್ತಿರಲಿಲ್ಲ, ಕಲಿಯುವ ತಾಳ್ಮೆಯೂ ಇರಲಿಲ್ಲ. ಪರಿಚಯದವರ ವರ್ಕ್‌ಶಾಪಿನಲ್ಲಿ ಬೆಂಚ್ ಗ್ರೈಂಡರ್ ಇತ್ತು, ಕೇಳಿದರೆ ಬೇಡ ಅನ್ನುವವರಲ್ಲ, ಚಾಕು ಹಿಡಿದುಕೊಂಡು ಹೋದೆ.

ಸ್ವಿಚ್ ಹಾಕಿ ಅಲಗನ್ನು ಚಕ್ರಕ್ಕೆ ಒತ್ತಿದೆ. ಕಿಡಿ ಹಾರಿತು, ಸ್ವಲ್ಪ ಹೊತ್ತಿಗೆಲ್ಲ ಅಂಚು ಥಳಥಳ. ತುದಿಯ ಹತ್ತಿರ, ಅಲಗು ಸಪೂರ ಆಗುತ್ತಾ ಹೋಗುವ ಕಡೆ, ಉಗುರಿನಷ್ಟು ಜಾಗದಲ್ಲಿ ನೀಲಿ ಬಣ್ಣ ಬಂದಿತ್ತು. ಅದರ ಸುತ್ತ ನೇರಳೆ, ಅದರಾಚೆ ಕಂದು, ಕೊನೆಗೆ ತಿಳಿ ಹಳದಿ. ಏನೋ ಕಲೆ ಇರಬೇಕು ಅಂದುಕೊಂಡೆ. ನೀರಿಗೆ ಅದ್ದಿ, ಎಮರಿ ಪೇಪರಿನಲ್ಲಿ ಉಜ್ಜಿದೆ. ಬಣ್ಣ ಹೋಯಿತು. ಕಾಗದ ಕತ್ತರಿಸಿ ನೋಡಿದೆ, ಅಷ್ಟು ಹರಿತ ಹೊಸದರಲ್ಲೂ ಇರಲಿಲ್ಲ.

ಮುಂದಿನ ಕ್ಯಾಂಪಿನಲ್ಲಿ ಸಂಜೆಯಿಂದಲೇ ಮಳೆ. ಸೌದೆಯ ಮೇಲ್ಪದರ ಪೂರ್ತಿ ನೆನೆದಿತ್ತು, ಒಳಗಿನ ಒಣ ಭಾಗ ಸಿಗುವವರೆಗೂ ಹೆರೆಯಬೇಕಿತ್ತು. ಶುರುವಿನಲ್ಲಿ ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಆಮೇಲೆ ಜಾರತೊಡಗಿತು. ಟಾರ್ಚ್ ಹಿಡಿದು ಅಂಚನ್ನು ನೇರ ಕಣ್ಣೆದುರು ತಂದು ನೋಡಿದರೆ ತುದಿಯಿಂದ ಅರ್ಧದವರೆಗೂ ಒಂದು ಬಿಳಿ ಗೆರೆ. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಹೊಳೆಯಿಸುವುದಿಲ್ಲ, ಅಷ್ಟು ತೆಳು ಇರುತ್ತದೆ. ಗೆರೆ ಕಂಡಿತು ಅಂದರೆ ಅಂಚು ಚಪ್ಪಟೆಯಾಗಿದೆ ಅಥವಾ ಮಡಚಿಕೊಂಡಿದೆ. ಉಗುರನ್ನು ಬೆನ್ನಿನ ಕಡೆಯಿಂದ ಅಂಚಿನತ್ತ ಮೆಲ್ಲಗೆ ಜಾರಿಸಿದೆ. ಒಂದು ಬದಿಯಲ್ಲಿ ನುಣ್ಣಗೆ ಜಾರಿತು, ಇನ್ನೊಂದು ಬದಿಯಲ್ಲಿ ಟಕ್ ಅಂತ ಸಿಕ್ಕಿಕೊಂಡಿತು. ಅಂಚು ಪೂರ್ತಿ ಒಂದು ಕಡೆಗೆ ಮಡಚಿತ್ತು. ಚಾಕು ಇಳಿಯದಿದ್ದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಇನ್ನಷ್ಟು ಒತ್ತಿದೆ. ಚಾಕು ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ರಾತ್ರೋರಾತ್ರಿ ಕ್ಯಾಂಪ್ ಬಿಚ್ಚಿ, ಬಟ್ಟೆ ಸುತ್ತಿದ ಕೈ ಮೇಲೆತ್ತಿಕೊಂಡು ಇಳಿದು ಹೋಗಿ ಹೊಲಿಗೆ ಹಾಕಿಸಿಕೊಂಡೆ. ಆ ಬೆರಳಿನ ಬುಡದಲ್ಲಿ ಇವತ್ತಿಗೂ ಸ್ವಲ್ಪ ಜೋಮು ಇದೆ.

ಕೈ ವಾಸಿಯಾದ ಮೇಲೆ ನಾನು ಬಂದ ತೀರ್ಮಾನ ನಿಮ್ಮದೇ: ಅಗ್ಗದ ಉಕ್ಕು, ಅದಕ್ಕೇ ಹೀಗೆ. ದುಬಾರಿ ಚಾಕು ತೆಗೆದುಕೊಂಡೆ. ದಪ್ಪ ಅಲಗು, ಒಳ್ಳೆಯ ಹೆಸರು. ಅದೂ ಒಂದು ದಿನ ಮೊಂಡಾಯಿತು, ಅದನ್ನೂ ಅದೇ ಗ್ರೈಂಡರ್‌ಗೆ ಕೊಟ್ಟೆ, ಅದೂ ಮಡಚಿತು. ಆಗ ಕಮ್ಮಾರಿಕೆ ಗೊತ್ತಿದ್ದ ಗೆಳೆಯನ ಮುಂದೆ ಎರಡೂ ಚಾಕು ಇಟ್ಟೆ. ಅವನು ಉಕ್ಕು ಯಾವುದು ಅಂತ ಕೇಳಲೇ ಇಲ್ಲ. "ಚಕ್ರಕ್ಕೆ ಹಿಡಿದಾಗ ಎಲ್ಲಾದ್ರೂ ನೀಲಿ ಆಗಿತ್ತೇನೋ?" ಅಂತಷ್ಟೇ ಕೇಳಿದ.

ಆ ನೀಲಿ ಕಲೆಯಲ್ಲ. ಉಕ್ಕಿನ ಹದ ಹೋದ ಗುರುತು ಅದು. ಕಾರ್ಬನ್ ಉಕ್ಕಿನ ಅಲಗನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಆಗ ಅದು ತುಂಬಾ ಗಟ್ಟಿ, ಆದರೆ ಕೆಳಗೆ ಬಿದ್ದರೆ ಗಾಜಿನ ಥರ ಮುರಿಯಬಹುದು. ಹಾಗಾಗಿ ಮತ್ತೆ 200 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಸ್ವಲ್ಪ ಗಡಸುತನ ಇಳಿಸಿ ಹದಕ್ಕೆ ತರುತ್ತಾರೆ. ಆ ಹದಕ್ಕಿಂತ ಜಾಸ್ತಿ ಬಿಸಿ ತಗುಲಿದರೆ ಉಕ್ಕು ಇನ್ನಷ್ಟು ಮೆತ್ತಗಾಗುತ್ತದೆ. ಬಣ್ಣ ನೋಡಿಯೇ ಬಿಸಿ ಎಷ್ಟಿತ್ತು ಅಂತ ಹೇಳಬಹುದು. 220 ಡಿಗ್ರಿಯ ಹತ್ತಿರ ತಿಳಿ ಹಳದಿ, 260ರ ಸುಮಾರಿಗೆ ಕಂದು, 280ಕ್ಕೆ ನೇರಳೆ, 300 ಮುಟ್ಟುವಾಗ ನೀಲಿ. ನನ್ನ ಚಾಕುವಿನ ತುದಿಯಲ್ಲಿ ಇವೆಲ್ಲ ಸಾಲಾಗಿ ನಿಂತಿದ್ದವು, ನಾನು ಉಜ್ಜಿ ಅಳಿಸಿದೆ. ಅಳಿಸಿದ್ದು ಬಣ್ಣವನ್ನು ಮಾತ್ರ. ನೀರಿಗೆ ಅದ್ದಿದ್ದರಿಂದಲೂ ಏನೂ ಉಪಯೋಗವಾಗಲಿಲ್ಲ. ಮೆತ್ತಗಾದ ಉಕ್ಕು ಮತ್ತೆ ಗಟ್ಟಿಯಾಗಬೇಕಾದರೆ ಮತ್ತೆ 800 ಡಿಗ್ರಿಯಿಂದಲೇ ಶುರು ಮಾಡಬೇಕು.

ಬೆಂಚ್ ಗ್ರೈಂಡರ್ ಚಕ್ರ ನಿಮಿಷಕ್ಕೆ ಹತ್ತಿರ ಹತ್ತಿರ 3000 ಸುತ್ತು ತಿರುಗುತ್ತದೆ. ಆರಿಂಚಿನ ಚಕ್ರವಾದರೆ ಅದರ ಮೇಲ್ಮೈ ಸೆಕೆಂಡಿಗೆ 20 ಮೀಟರಿಗೂ ಜಾಸ್ತಿ ದೂರ ಉಜ್ಜಿಕೊಂಡು ಹೋಗುತ್ತದೆ. ಅಂಚು ಕೂದಲಿಗಿಂತ ತೆಳು, ಬಿಸಿ ಹೋಗಲು ಅಲ್ಲಿ ಜಾಗವೇ ಇಲ್ಲ. ಹಿಡಿಯಲ್ಲಿ ನಿಮ್ಮ ಕೈಗೆ ಏನೂ ಗೊತ್ತಾಗುವುದಿಲ್ಲ, ಅಲಗಿನ ನಡುಭಾಗವೂ ತಣ್ಣಗೇ ಇರುತ್ತದೆ, ಅಂಚು ಮಾತ್ರ ಕ್ಷಣದಲ್ಲಿ ಸುಟ್ಟಿರುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಈ ಬಣ್ಣಗಳು ಕಾಣಿಸಲು ಇನ್ನೂ ಜಾಸ್ತಿ ಬಿಸಿ ಬೇಕು. ಹಾಗಾಗಿ ನಿಮ್ಮದು ಸ್ಟೇನ್‌ಲೆಸ್ ಆಗಿದ್ದು, ನೀಲಿ ಏನೂ ಬಂದಿರಲಿಲ್ಲ ಅಂತ ನೀವು ಹೇಳಿದರೂ ನಾನು ನಂಬುವುದಿಲ್ಲ. ಹರಿತ ಬರುವುದು ಬೇರೆ, ಹರಿತ ನಿಲ್ಲುವುದು ಬೇರೆ. ಮೆತ್ತಗಿನ ಉಕ್ಕೂ ಒಂದು ಸಲ ಕಾಗದ ಸೀಳುತ್ತದೆ. ನಿಮಗೆ ಆಗುತ್ತಿರುವುದೂ ಇದೇ.

ಸಮಾಧಾನದ ವಿಷಯ ಅಂದರೆ ಸುಟ್ಟಿರುವುದು ಸಾಮಾನ್ಯವಾಗಿ ಅಂಚಿನ ಸಣ್ಣ ಪಟ್ಟಿ ಮಾತ್ರ. ಅದನ್ನು ಕೈಯಲ್ಲೇ ಮಸೆದು ತೆಗೆದರೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ. ಒಂದೇ ಸಲಕ್ಕೆ ಆಗಲಿಕ್ಕಿಲ್ಲ. ಒಂದು ಕಲ್ಲು ತೆಗೆದುಕೊಳ್ಳಿ, ಒಂದು ಬದಿ 400 ಗ್ರಿಟ್, ಇನ್ನೊಂದು ಬದಿ 1000 (ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ, ಸಂಖ್ಯೆ ಜಾಸ್ತಿಯಾದಷ್ಟೂ ನುಣುಪು). ಅಷ್ಟು ಸಾಕು, ಹತ್ತು ಥರದ ಕಲ್ಲು ಬೇಡ. ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ, ಕಲ್ಲಿಗೆ ನೀರು ಹಾಕಿ, ಎರಡು ಮೂರು ಸಲ ಎಳೆದು ನೋಡಿ. ಬಣ್ಣ ಬೆನ್ನಿನ ಕಡೆ ಹೋಗಿದ್ದರೆ ಚಾಕುವನ್ನು ಸ್ವಲ್ಪ ಎತ್ತಿ, ಅಂಚಿನ ಕಡೆ ಮಾತ್ರ ಹೋಗಿದ್ದರೆ ಸ್ವಲ್ಪ ಇಳಿಸಿ, ಇಡೀ ಇಳಿಜಾರಿನಿಂದ ಹೋದರೆ ಕೋನ ಸರಿ. ಸ್ಕ್ಯಾಂಡಿ ಥರದ ಅಲಗಾದರೆ, ಅಂದರೆ ಅಂಚಿನವರೆಗೂ ಒಂದೇ ಅಗಲವಾದ ಇಳಿಜಾರು ಇರುವಂಥದ್ದಾದರೆ, ಇನ್ನೂ ಸುಲಭ, ಆ ಇಳಿಜಾರನ್ನೇ ಕಲ್ಲಿಗೆ ಚಪ್ಪಟೆಯಾಗಿ ಕೂರಿಸಿದರೆ ಆಯಿತು. ಒಂದು ಬದಿ ಮಸೆಯುತ್ತಾ ಹೋಗಿ, ಆಚೆ ಬದಿಯಲ್ಲಿ ಹಿಡಿಯಿಂದ ತುದಿಯವರೆಗೂ ಬೆರಳಿಗೆ ಸಣ್ಣ ತರಿ (ಮಸೆದಾಗ ಆಚೆ ಬದಿಗೆ ಮಡಚಿ ಏಳುವ ಉಕ್ಕಿನ ತೆಳು ಅಂಚು) ತಗುಲುವವರೆಗೆ ನಿಲ್ಲಿಸಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ, ತರಿ ಬರುವ ಮೊದಲೇ ಬದಿ ಬದಲಿಸಿಬಿಡುತ್ತಾರೆ. ಆಮೇಲೆ ಇನ್ನೊಂದು ಬದಿ, ಆಮೇಲೆ 1000, ಕೊನೆಗೆ ಹಳೇ ಬೆಲ್ಟಿನ ಒಳಬದಿಯ ಮೇಲೆ ಬೆನ್ನು ಮುಂದಾಗಿ ಎಳೆದು ತರಿ ತೆಗೆಯಿರಿ.

ಬಿಸಿಯ ಈ ಲೆಕ್ಕ ಕ್ಯಾಂಪಿನಲ್ಲೂ ನೆನಪಿರಲಿ. ಚಾಕುವಿನಿಂದ ಕೆಂಡ ಕೆದಕಬೇಡಿ, ಪಾತ್ರೆ ಎತ್ತಬೇಡಿ. ಕೆಂಡ 300 ಡಿಗ್ರಿಗಿಂತ ಎಷ್ಟೋ ಮೇಲಿರುತ್ತದೆ. ಕುದಿಯುವ ನೀರಿನಿಂದ ಮಾತ್ರ ಹದಕ್ಕೆ ಏನೂ ಆಗುವುದಿಲ್ಲ, ಧಾರಾಳವಾಗಿ ತೊಳೆಯಿರಿ. ಒದ್ದೆ ಚಾಕುವನ್ನು ಒರೆಗೆ ಹಾಕಬೇಡಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬನ್ ಉಕ್ಕು ಬೂದು ಕಪ್ಪಾದರೆ ಚಿಂತೆ ಬೇಡ, ಕೆಂಪು ತುಕ್ಕು ಕಂಡರೆ ಮಾತ್ರ ಉಜ್ಜಿ ತೆಳುವಾಗಿ ಎಣ್ಣೆ ಸವರಿ.

ಅಗ್ಗದ ಚಾಕು ಅಂದರೆ ಕಳಪೆ ಅನ್ನೋದನ್ನು ನಾನು ಒಪ್ಪುವುದೇ ಇಲ್ಲ. ಸ್ವೀಡನ್ನಿನ ಮೋರಾದ ಮೋರಾಕ್ನಿವ್ ಕಂಪನಿಯವರು 1891ರಿಂದ ಚಾಕು ಮಾಡುತ್ತಾ ಬಂದಿದ್ದಾರೆ. ಅವರ ಕಂಪ್ಯಾನಿಯನ್ ಚಾಕುವಿನ ಅಲಗು ಬರೀ 2.5 ಮಿಲಿಮೀಟರ್ ದಪ್ಪ, ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗುವುದಿಲ್ಲ, ಬೆಲೆಯೂ ಕಡಿಮೆ. ಆದರೂ ಕಾಡು ಸುತ್ತುವ ಅದೆಷ್ಟೋ ಜನ ಅದನ್ನೇ ನಂಬಿದ್ದಾರೆ. ದಪ್ಪ ಸೌದೆಯನ್ನು ಚಾಕುವಿನ ಬೆನ್ನಿಗೆ ಹೊಡೆದು ಸೀಳುವುದೇ ನಿಮ್ಮ ಮುಖ್ಯ ಕೆಲಸವಾದರೆ ಆ ಮಾತು ಬೇರೆ, ಅದಕ್ಕೆ ಸಣ್ಣ ಕೊಡಲಿ ತೆಗೆದುಕೊಳ್ಳಿ.

ನಿಮ್ಮ ಚಾಕುವನ್ನು ಮೊದಲು ಹೀಗೆ ಕೈಯಲ್ಲಿ ಮಸೆದು ನೋಡಿ. ಆಮೇಲೆ ಒಣ ಕಡ್ಡಿ ಹೆರೆದು ಟಾರ್ಚ್ ಬೆಳಕಲ್ಲಿ ಅಂಚು ನೋಡಿ. ಬಿಳಿ ಗೆರೆ ಬಂದರೆ ಇನ್ನೊಂದು ಸಲ, ಅದಕ್ಕೂ ಬಂದರೆ ಮತ್ತೊಂದು ಸಲ ಮಸೆಯಿರಿ, ಸುಟ್ಟ ಭಾಗ ಇನ್ನೂ ಉಳಿದಿರಬಹುದು. ಇಷ್ಟೆಲ್ಲ ಮಾಡಿದ ಮೇಲೂ ಅಂಚು ಮಡಚಿದರೆ ಆಗ ಉಕ್ಕೇ ಕೆಟ್ಟದ್ದು ಅಂತ ಒಪ್ಪಿಕೊಂಡು ಬೇರೆ ಚಾಕು ಕೊಳ್ಳಿ, ಅದನ್ನೂ ಗ್ರೈಂಡರ್ ಹತ್ತಿರ ಮಾತ್ರ ಒಯ್ಯಬೇಡಿ.