ಒಂದೇ ದಿನ ಇದೆ, ಲೇಕ್ ನಕೂರುಗೆ ಹೋಗಿ ಬರಬಹುದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಕೀನ್ಯಾದ್ದೇ ಜಾಸ್ತಿ. ಮಗನೋ ಮಗಳೋ ನೈರೋಬಿಯಲ್ಲಿ ಇರೋರು, ಕಂಪನಿ ಕೆಲಸದ ಮೇಲೆ ವಾರಕ್ಕೆ ಅಂತ ಹೋಗೋರು, ಎಲ್ಲರೂ ಸುತ್ತಿ ಬಳಸಿ ಕೇಳಿರೋದು ಲೇಕ್ ನಕೂರು ಬಗ್ಗೆನೇ. ಅದಕ್ಕೆ ಒಟ್ಟಿಗೇ ಉತ್ತರ ಬರೀತಿದೀನಿ.

ಪ್ರಶ್ನೆ: ಮಗ ನೈರೋಬಿಯಲ್ಲಿ ಕೆಲಸದಲ್ಲಿದಾನೆ, ನಾನೂ ನಮ್ಮೆಜಮಾನ್ರೂ ಹೋಗ್ತಿದೀವಿ. ಅವನಿಗೆ ರಜಾ ಅಂದ್ರೆ ಭಾನುವಾರ ಮಾತ್ರ. ಬೆಳಗ್ಗೆ ಕರ್ಕೊಂಡು ಹೋಗಿ ರಾತ್ರಿ ವಾಪಸ್ ತಂದು ಬಿಡೋ ಟೂರ್ ಇದೆಯಂತೆ. ಕೆರೆ ತುಂಬಾ ಗುಲಾಬಿ ಹಕ್ಕಿಗಳು ಕೂತಿರೋ ಫೋಟೋ ಎಷ್ಟೋ ವರ್ಷದಿಂದ ನೋಡ್ತಾ ಬಂದಿದೀನಿ. ಒಂದು ದಿನದಲ್ಲಿ ಅದು ಕಣ್ಣಿಗೆ ಸಿಗತ್ತಾ?

ಹೋಗಿ ಬರಬಹುದು ಮೇಡಂ, ಆದ್ರೆ ಆ ಫೋಟೋ ತಲೇಲಿಟ್ಕೊಂಡು ಹೋಗಬೇಡಿ. ಆ ಫೋಟೋಗಳು ಸುಳ್ಳಲ್ಲ, ಹಳೇವು ಅಷ್ಟೇ. ಅಲ್ಲಿ ಆಗಿರೋದು ಏನಂದ್ರೆ, ನಕೂರು ಕೆರೆಗೆ ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ, ಎನ್ಜೋರೋ ಥರದ ನದಿಗಳು ಮೌ ಕಾಡಿನ ಕಡೆಯಿಂದ ಬಂದು ಸೇರ್ತವೆ, ಆಮೇಲೆ ಬಿಸಿಲಿಗೆ ಆವಿಯಾಗೋದೊಂದೇ ಗತಿ. ಸಾವಿರಾರು ವರ್ಷ ಹೀಗೇ ಆಗಿ ಆಗಿ ಉಪ್ಪು, ಸೋಡಾ ಎಲ್ಲ ತಳದಲ್ಲಿ ಉಳ್ಕೊಂಡು ನೀರು ಕ್ಷಾರ ಆಗಿದೆ. ಆ ಕ್ಷಾರದ ನೀರಲ್ಲಿ ಸ್ಪಿರುಲಿನಾ ಅನ್ನೋ ನೀಲಿಹಸಿರು ಪಾಚಿ ದಟ್ಟವಾಗಿ ಬೆಳೆಯತ್ತೆ, ಚಿಕ್ಕ ಜಾತಿಯ ಫ್ಲೆಮಿಂಗೋಗೆ ಅದೇ ಊಟ, ಅದರಲ್ಲಿರೋ ಬಣ್ಣನೇ ಅದರ ರೆಕ್ಕೆಗೂ ಬರೋದು. 2010ರ ಆಚೆಗೆ ಮಳೆ ಜಾಸ್ತಿಯಾಗಿ ಕೆರೆ ಏರ್ತಾ ಬಂತು, ಎಷ್ಟು ಅಂದ್ರೆ ಕೆರೆ ಸುತ್ತ ಇರೋ ನ್ಯಾಷನಲ್ ಪಾರ್ಕಿನ ಹಳೇ ಮೇನ್ ಗೇಟೇ ಮುಳುಗಿ, ಗೇಟನ್ನ ಬೇರೆ ಕಡೆ ಕಟ್ಟಬೇಕಾಯ್ತು. ಸಿಹಿನೀರು ಅಷ್ಟೊಂದು ಬಂದು ಸೇರಿದ ಮೇಲೆ ಕ್ಷಾರ ತೆಳುವಾಯ್ತು, ಪಾಚಿ ಕಮ್ಮಿ ಆಯ್ತು, ಹಕ್ಕಿಗಳು ಊಟ ಇರೋ ಕಡೆ ಎದ್ದು ಹೋದವು, ಮುಖ್ಯವಾಗಿ ಉತ್ತರದ ಬೊಗೋರಿಯಾ ಕೆರೆಗೆ.

ಹಾಗಂತ ಒಂದೂ ಸಿಗಲ್ಲ ಅಂತಲ್ಲ. ದಡದ ಆಳ ಇಲ್ಲದ ಕಡೆ ಗುಂಪು ಗುಂಪಾಗಿ ಇರ್ತವೆ, ಕೆಲವು ಸಲ ನೂರಾರು, ಕೆಲವು ಸಲ ಅದಕ್ಕಿಂತ ಜಾಸ್ತಿ, ವರ್ಷ ವರ್ಷಕ್ಕೂ ಬದಲಾಗತ್ತೆ. ಹೋಗೋ ವಾರದಲ್ಲೇ ಗೈಡಿಗೆ ಮೆಸೇಜ್ ಹಾಕಿ ಕೇಳಿ, ಪ್ರಾಮಾಣಿಕವಾಗಿದ್ರೆ ಹೇಳ್ತಾರೆ. ಹತ್ರದಲ್ಲಿ ಒಂದು ಸಿಕ್ಕಿದ್ರೂ ಸಾಕು, ದುರ್ಬೀನು ಹಾಕಿ ಅದು ಉಣ್ಣೋದನ್ನ ನೋಡಿ. ತಲೆಯನ್ನ ಪೂರ್ತಿ ತಲೆಕೆಳಗು ಮಾಡ್ಕೊಂಡು ಕೊಕ್ಕನ್ನ ನೀರಲ್ಲಿ ಅದ್ದಿ, ನಾಲಿಗೆಯಿಂದ ಪಂಪ್ ಹೊಡೆದ ಹಾಗೆ ನೀರು ಎಳ್ಕೊಂಡು ಹೊರಗೆ ಬಿಡ್ತಾ ಇರತ್ತೆ, ಕೊಕ್ಕಿನ ಒಳಗಿರೋ ಜಾಲರಿಯಲ್ಲಿ ಪಾಚಿ ಮಾತ್ರ ನಿಲ್ಲತ್ತೆ. ದೂರದ ಗುಲಾಬಿ ಗೆರೆಗಿಂತ ನನಗೆ ಇದೇ ಇಷ್ಟ. ಪಕ್ಕದಲ್ಲೇ ಹೆಜ್ಜಾರ್ಲೆಗಳೂ ಇರ್ತವೆ, ಅವು ಬಂದಿರೋದು ಮೀನಿಗೆ, ಆ ಮೀನನ್ನ ಒಂದು ಕಾಲದಲ್ಲಿ ಸೊಳ್ಳೆ ಹತೋಟಿಗೆ ಅಂತ ಮನುಷ್ಯರೇ ತಂದು ಬಿಟ್ಟಿದ್ದು.

ಇನ್ನೊಂದು, ಏರಿದ ನೀರಲ್ಲಿ ಸತ್ತು ನಿಂತಿರೋ ಅಕೇಶಿಯಾ ಮರಗಳು. ದಡದ ಕಾಡಿಗೆ ಕಾಡೇ ಬೋಳಾಗಿ ನೀರೊಳಗೆ ನಿಂತಿದೆ, ಮೇಲೆ ನೀರುಕಾಗೆಗಳು, ಮೀನು ಹಿಡಿಯೋ ಹದ್ದುಗಳು. ಯಾವ ಬ್ರೋಷರಲ್ಲೂ ಈ ಫೋಟೋ ಹಾಕಲ್ಲ ಯಾಕೋ.

ನಿಜ ಹೇಳಬೇಕಂದ್ರೆ ಈಗ ನಕೂರಿಗೆ ಹೋಗಬೇಕಾದ್ದು ಖಡ್ಗಮೃಗಕ್ಕೆ. 1980ರ ದಶಕದಲ್ಲಿ ಬೇಟೆ ಜೋರಾಗಿ ಕೀನ್ಯಾದಲ್ಲಿ ಖಡ್ಗಮೃಗ ಅಳಿದೇ ಹೋಗತ್ತೆ ಅನ್ನೋ ಹೊತ್ತಲ್ಲಿ ಈ ಪಾರ್ಕಿಗೆ ಸುತ್ತಲೂ ಬೇಲಿ ಹಾಕಿ ಅದಕ್ಕೆ ಅಂತಲೇ ರಕ್ಷಿತ ತಾಣ ಮಾಡಿದ್ರು. ಕಪ್ಪು, ಬಿಳಿ ಎರಡೂ ಇದಾವೆ, ಬಣ್ಣದಲ್ಲಿ ಎರಡೂ ಬೂದಿನೇ, ಬಾಯಿ ನೋಡಿ ಗುರುತು ಹಿಡಿಬೇಕು. ಬಿಳಿದಕ್ಕೆ ಅಗಲ ಚಪ್ಪಟೆ ಬಾಯಿ, ತಲೆ ಬಗ್ಗಿಸ್ಕೊಂಡು ಹುಲ್ಲು ಮೇಯ್ತಾ ಬಯಲಲ್ಲೇ ಇರತ್ತೆ, ಹಾಗಾಗಿ ಸುಲಭವಾಗಿ ಸಿಗತ್ತೆ. ಕಪ್ಪದಕ್ಕೆ ಮೇಲ್ತುಟಿ ಚೂಪಾಗಿ ಕೊಕ್ಕೆ ಥರ, ಪೊದೆಯ ಚಿಗುರು ಕಿತ್ತು ತಿನ್ನತ್ತೆ, ಪೊದೆಯಲ್ಲೇ ಅವಿತಿರತ್ತೆ, ಸಿಡುಕು ಬೇರೆ. ಮರಿ ಜೊತೆಗಿದ್ರೆ ಇನ್ನೂ ಚೆಂದ, ಬಿಳಿದರ ಮರಿ ಸಾಮಾನ್ಯವಾಗಿ ಅಮ್ಮನ ಮುಂದೆ ಓಡತ್ತೆ, ಕಪ್ಪದರ ಮರಿ ಹಿಂದೆ. ಅಷ್ಟು ಹತ್ರದಲ್ಲಿ ಖಡ್ಗಮೃಗ ಮೇಯೋದನ್ನ ಒಂದೇ ದಿನದ ಪ್ರವಾಸದಲ್ಲಿ ನೋಡೋಕೆ ಸಿಗೋ ಜಾಗ ಜಾಸ್ತಿ ಇಲ್ಲ.

ಟೈಮ್ ಲೆಕ್ಕ ಹಾಕ್ಕೊಳ್ಳಿ. ನೈರೋಬಿಯಿಂದ ಸುಮಾರು 160 ಕಿಲೋಮೀಟರ್, ಮ್ಯಾಪ್ ಏನೇ ಹೇಳ್ಲಿ ಮೂರು ಗಂಟೆ ಇಟ್ಕೊಳ್ಳಿ, ಉಗಾಂಡಾ ಕಡೆ ಹೋಗೋ ಲಾರಿಗಳೆಲ್ಲ ಅದೇ ರಸ್ತೆ, ಒಂದು ಲಾರಿ ಕೆಟ್ಟು ನಿಂತ್ರೆ ಮುಗೀತು. ಪಾರ್ಕ್ ಬೆಳಗ್ಗೆ 6ರಿಂದ ಸಂಜೆ 6. ಸಮಭಾಜಕ ಹತ್ರ ಇರೋದ್ರಿಂದ ವರ್ಷಪೂರ್ತಿ ಸೂರ್ಯ ಹುಟ್ಟೋದು ಮುಳುಗೋದು ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಬೇಸಿಗೆ ಅಂತ ಹಗಲು ಉದ್ದ ಸಿಗಲ್ಲ. ಬೆಳಗ್ಗೆ 8ಕ್ಕೆ ಪಿಕಪ್ ಅನ್ನೋ ಟೂರ್ ಬೇಡ, ಗೇಟ್ ಹತ್ರ ಹೋಗೋಷ್ಟರಲ್ಲಿ ಪ್ರಾಣಿಗಳು ನೆರಳು ಸೇರಿರ್ತವೆ. 5ಕ್ಕೆಲ್ಲ ಹೊರಡ್ತೀವಿ ಅನ್ನೋರನ್ನ ಹಿಡೀರಿ. ದಾರಿಯಲ್ಲಿ ರಿಫ್ಟ್ ವ್ಯಾಲಿ ವ್ಯೂ ಪಾಯಿಂಟಲ್ಲಿ ನಿಲ್ಲಿಸ್ತಾರೆ, ಪಕ್ಕದಲ್ಲೇ ಕುರಿ ಚರ್ಮ, ಮರದ ಜಿರಾಫೆ ಮಾರೋ ಅಂಗಡಿಗಳು. ನಿಲ್ಲೋದಾದ್ರೆ ವಾಪಸ್ ಬರ್ತಾ ನಿಲ್ಲಿಸಪ್ಪಾ ಅಂತ ಮೊದಲೇ ಹೇಳಿ.

ಪ್ರಶ್ನೆ: ಮೂರು ಜನ ಫ್ರೆಂಡ್ಸ್ ಇದೀವಿ, ಅಲ್ಲಿ ಕಾರು ಬಾಡಿಗೆಗೆ ಸಿಗತ್ತೆ, ಗಾಡಿ ಓಡಿಸೋದೂ ನಮ್ಮ ಥರ ಎಡಗಡೆನೇ. ಗೈಡಿಗೆ ಯಾಕೆ ಸುಮ್ನೆ ದುಡ್ಡು? ನಾವೇ ಹೋದ್ರಾಯ್ತಲ್ಲ?

ಹೋಗಬಹುದು, ಸ್ವಂತ ಗಾಡಿ ಬಿಡ್ತಾರೆ. ಪಾರ್ಕ್ ಇರೋದು 188 ಚದರ ಕಿಲೋಮೀಟರ್, ಕಳೆದುಹೋಗೋ ಅಷ್ಟು ದೊಡ್ಡದಲ್ಲ, ಒಂದು ಕಡೆ ಬೇಲಿಯ ಆಚೆ ನಕೂರು ಸಿಟಿಯ ಮನೆಗಳೇ ಕಾಣ್ತವೆ. ಆದ್ರೂ ನಾನು ಗೈಡ್ ಕಡೆಗೇ ವೋಟ್ ಹಾಕ್ತೀನಿ. ಸೆಡಾನ್ ಕಾರಲ್ಲಿ ಕೂತ್ರೆ ಕಾಣೋದು ಹುಲ್ಲು ಮಾತ್ರ, ಟೂರ್ ವ್ಯಾನಿನ ಚಾವಣಿ ಮೇಲಕ್ಕೆ ಎತ್ತಿದ್ರೆ ನಿಂತ್ಕೊಂಡು ಹುಲ್ಲಿನ ಮೇಲಿಂದ ನೋಡಬಹುದು. ಅದಕ್ಕಿಂತ ಮುಖ್ಯ, ಚಿರತೆ ಯಾವ ಮರದಲ್ಲಿ ಮಲಗಿದೆ, ಸಿಂಹ ಬೆಳಗ್ಗೆ ಎಲ್ಲಿತ್ತು ಅನ್ನೋದು ಆ ಡ್ರೈವರ್‌ಗಳು ಸ್ವಾಹಿಲಿಯಲ್ಲಿ ಒಬ್ಬರಿಗೊಬ್ಬರು ಹೇಳ್ಕೋತಿರ್ತಾರೆ, ನಿಮ್ಮ ಬಾಡಿಗೆ ಕಾರಿಗೆ ಆ ಸುದ್ದಿ ಬರೋದೇ ಇಲ್ಲ. ನಕೂರಿನ ಸಿಂಹಗಳಿಗೆ ಮರ ಹತ್ತಿ ಮಲಗೋ ಚಾಳಿ ಬೇರೆ ಇದೆ, ನೀವು ನೆಲ ಹುಡುಕ್ತಾ ಇರ್ತೀರ.

ಒಂದು ವಿಷಯ ಮಾತ್ರ, ಗಾಡಿ ಓಡಿಸೋರೆಲ್ಲ ಗೈಡಲ್ಲ. ಬುಕ್ ಮಾಡೋ ಮುಂಚೆ ನಿಮ್ಮ ಗೈಡಿಗೆ ಕೆಪಿಎಸ್‌ಜಿಎ ಬ್ಯಾಡ್ಜ್ ಇದೆಯಾ ಅಂತ ಕೇಳಿ, ಅದು ಕೀನ್ಯಾದ ಸಫಾರಿ ಗೈಡ್‌ಗಳ ಸಂಘ, ಪರೀಕ್ಷೆ ಮಾಡಿ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಕೊಡ್ತಾರೆ. ಬ್ರಾಂಜ್ ಇದ್ರೂ ಧಾರಾಳ ಸಾಕು. ಹಕ್ಕಿ ಆಸಕ್ತಿ ಇದ್ರೆ ಅದನ್ನೂ ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ನಿಮಗೆ ಬೇಕಾಗಿರೋದು ಸಿಂಹ ಒಂದೇ ಅಂದ್ಕೊಂಡು ದಿನವೆಲ್ಲ ಗಾಡಿ ಓಡಿಸ್ತಾನೇ ಇರ್ತಾರೆ. ಕೆರೆ ದಡದಲ್ಲಿ ಇಂಜಿನ್ ಆಫ್ ಮಾಡಿಸಿ ಅರ್ಧ ಗಂಟೆ ಸುಮ್ಮನೆ ಕೂತ್ಕೊಳ್ಳಿ, ಹಠ ಮಾಡಿಯಾದ್ರೂ. ಫೋಟೋಗೂ ಒಳ್ಳೇದು, ಇಂಜಿನ್ ನಡುಗ್ತಾ ಇದ್ರೆ ದೊಡ್ಡ ಲೆನ್ಸಲ್ಲಿ ಒಂದೂ ಶಾರ್ಪ್ ಬರಲ್ಲ.

ಹೇಳಿರೋ ರೇಟಲ್ಲಿ ಪಾರ್ಕ್ ಫೀ ಸೇರಿದೆಯಾ ಇಲ್ವಾ ಅನ್ನೋದನ್ನ ಬರವಣಿಗೆಯಲ್ಲಿ ತಗೊಳ್ಳಿ, ಜಗಳ ಆಗೋದೆಲ್ಲ ಗೇಟಲ್ಲೇ. ಹೊರದೇಶದೋರಿಗೆ ಫೀ ಡಾಲರ್ ಲೆಕ್ಕ, ಅಲ್ಲಿ ವಾಸ ಇರೋರಿಗೆ ಶಿಲ್ಲಿಂಗ್ ಲೆಕ್ಕದಲ್ಲಿ ತುಂಬಾ ಕಮ್ಮಿ. ಮೇಲಿನ ಪತ್ರದ ಮೇಡಂ ಮಗ ವರ್ಕ್ ಪರ್ಮಿಟ್ ಮೇಲೆ ಇರೋದಾದ್ರೆ ಅಲ್ಲಿನ ಐಡಿ ಕಾರ್ಡ್ ಮರೀದೆ ತರಲಿ. ಗೇಟಲ್ಲಿ ಕ್ಯಾಶ್ ನಡೆಯಲ್ಲ, ಆನ್‌ಲೈನಲ್ಲೇ ಕಟ್ಟಬೇಕು, ಟೂರ್‌ನವರಿಗೆ ಮೊದಲೇ ಕಟ್ಟಿಡೋಕೆ ಹೇಳಿದ್ರೆ ಕ್ಯೂ ತಪ್ಪತ್ತೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ 'ಬಿಗ್ ಫೈವ್' ಹುಚ್ಚು. ಐದೂ ಗ್ಯಾರಂಟಿ ಅಂತ ಟೂರ್‌ನವರು ಹೇಳ್ತಿದಾರೆ, ನಂಬಬಹುದಾ?

ನಂಬಬೇಡಿ, ನಕೂರಲ್ಲಿ ಆನೆನೇ ಇಲ್ಲ. ಬೇಲಿ ಒಳಗಿನ ಅಷ್ಟು ಚಿಕ್ಕ ಜಾಗ ಆನೆಗೆ ಎಲ್ಲಿ ಸಾಲತ್ತೆ. ಸಿಂಹ, ಚಿರತೆ, ಕಾಡೆಮ್ಮೆ, ಖಡ್ಗಮೃಗ ನಾಲ್ಕು ಇದಾವೆ, ಅದರಲ್ಲಿ ಚಿರತೆ ಸಿಕ್ಕಿದ್ರೆ ಪುಣ್ಯ. ಐದೂ ಗ್ಯಾರಂಟಿ ಅನ್ನೋ ಮನುಷ್ಯ ಒಂದೋ ಪಾರ್ಕ್ ನೋಡಿಲ್ಲ, ಇಲ್ಲಾ ನೀವು ನೋಡಿಲ್ಲ ಅಂತ ಗೊತ್ತಾಗಿದೆ. ಬೇರೆ ಟೂರ್ ಹುಡುಕಿ.

ಮಗುಗೆ ಜಿರಾಫೆ ತೋರಿಸಿ. ಇಲ್ಲಿರೋದು ರಾಥ್‌ಸ್ಚೈಲ್ಡ್ ಜಿರಾಫೆ, ಮಂಡಿಯಿಂದ ಕೆಳಗೆ ಚುಕ್ಕೆ ಇಲ್ಲ, ಬಿಳಿ ಸಾಕ್ಸ್ ಹಾಕ್ಕೊಂಡ ಹಾಗೆ. ಬಬೂನ್ ಕ್ಲಿಫ್ ಅಂತ ಒಂದು ಬಂಡೆ ಇದೆ, ಗಾಡಿಯಿಂದ ಇಳಿಯೋಕೆ ಬಿಡೋ ಕೆಲವೇ ಜಾಗಗಳಲ್ಲಿ ಒಂದು, ಕೆರೆ ಪೂರ್ತಿ ಮೇಲಿಂದ ಕಾಣತ್ತೆ. ಹೆಸರೇ ಹೇಳೋ ಹಾಗೆ ಬಬೂನ್ ಕೋತಿಗಳ ಕಾಟ. ಗಾಡಿ ಕಿಟಕಿ, ಚಾವಣಿ ಎಲ್ಲ ಮುಚ್ಚಿ ಇಳೀರಿ, ಹುಡುಗನ ಕೈಯಲ್ಲಿ ಬಿಸ್ಕತ್ತು ಕೊಡಬೇಡಿ. ನಮ್ಮ ಊರಿನ ಕೋತಿ ಥರ ಹೆದರಿಸಿದ್ರೆ ಓಡೋ ಜಾತಿಯಲ್ಲ, ಗಂಡು ಬಬೂನಿನ ಕೋರೆಹಲ್ಲು ಒಂದ್ಸಲ ನೋಡಿದ್ರೆ ಗೊತ್ತಾಗತ್ತೆ.

ಪ್ರಶ್ನೆ: ನನಗೆ 67, ಮಂಡಿ ನೋವು. ಸಸ್ಯಾಹಾರಿ. ದಿನವಿಡೀ ಆಗತ್ತಾ? ಟಾಯ್ಲೆಟ್ ಗತಿ ಏನು?

ನಡೆಯೋ ಕೆಲಸ ಇಲ್ಲ ಸರ್, ಕೂರೋದೇ ಕಷ್ಟ. ದಾರಿ ಲೆಕ್ಕ ಸೇರಿಸಿದ್ರೆ ಹತ್ತು ಗಂಟೆಗೂ ಮೇಲೆ ಗಾಡಿಯಲ್ಲೇ, ಪಾರ್ಕಿನ ಒಳಗೆ ಮಣ್ಣು ರಸ್ತೆ. ಡ್ರೈವರ್ ಪಕ್ಕದ ಸೀಟ್ ಕೇಳಿ ತಗೊಳ್ಳಿ, ಕಾಲು ಚಾಚಬಹುದು, ಕುಲುಕಾಟವೂ ಕಮ್ಮಿ. ಟಾಯ್ಲೆಟ್ ಗೇಟಲ್ಲಿದೆ, ಒಳಗೆ ಹೋಗೋ ಮುಂಚೆ ಬೇಕಿರ್ಲಿ ಬೇಡದಿರ್ಲಿ ಹೋಗಿ ಬನ್ನಿ, ಮಧ್ಯದಲ್ಲಿ ಪೊದೆ ಹಿಂದೆ ಇಳೀತೀನಿ ಅಂದ್ರೆ ಯಾವ ಗೈಡೂ ಒಪ್ಪಲ್ಲ, ಒಪ್ಪಲೂಬಾರದು. ಊಟದ ಚಿಂತೆ ಬೇಡ, ನೈರೋಬಿಯಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದಾರೆ, ಸಸ್ಯಾಹಾರ ಚೆನ್ನಾಗೇ ಸಿಗತ್ತೆ, ಕಟ್ಟಿಸ್ಕೊಂಡು ಹೋಗಿ. ಆದ್ರೆ ಪ್ಲಾಸ್ಟಿಕ್ ಕವರಲ್ಲಿ ಅಲ್ಲ, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ, 2020ರಿಂದ ನ್ಯಾಷನಲ್ ಪಾರ್ಕ್ ಒಳಗೆ ಒಂದೇ ಸಲ ಬಳಸಿ ಬಿಸಾಡೋ ನೀರಿನ ಬಾಟ್ಲಿಗೂ ಅವಕಾಶ ಇಲ್ಲ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟ್ಲಿ. ಸ್ವೆಟರ್ ಇರ್ಲಿ, ಆಫ್ರಿಕಾ ಅಂದ್ರೆ ಸೆಕೆ ಅಂದ್ಕೊಂಡು ಹೋಗ್ತಾರೆ, ಕೆರೆ ಇರೋದು ಸಮುದ್ರಮಟ್ಟದಿಂದ 1,750 ಮೀಟರ್ ಮೇಲೆ, ಬೆಳಗ್ಗೆ ಚಾವಣಿ ಎತ್ತಿದ್ರೆ ಗಾಳಿ ಕೊರೆಯತ್ತೆ.

ಪ್ರಶ್ನೆ: ಒಂದೇ ದಿನದಲ್ಲಿ ನಕೂರು, ನೈವಾಶಾ ಎರಡೂ ಕೆರೆ ತೋರಿಸ್ತೀವಿ ಅನ್ನೋ ಪ್ಯಾಕೇಜ್ ಇದೆ. ತಗೊಳ್ಳೋದಾ?

ದಾರಿಯಲ್ಲೇ ಸಿಗತ್ತೆ ಅನ್ನೋದು ನಿಜ, ಆದ್ರೆ ಎರಡೂ ಅರ್ಧಂಬರ್ಧ ಆಗತ್ತೆ. ನೈವಾಶಾ ಸಿಹಿನೀರಿನ ಕೆರೆ, ನೈರೋಬಿಯಿಂದ ದೂರವೂ ಹೆಚ್ಚುಕಮ್ಮಿ ಅರ್ಧ, ಬೋಟಲ್ಲಿ ಹೋಗಿ ಹಿಪ್ಪೋ ನೋಡೋದು, ಕ್ರೆಸೆಂಟ್ ಐಲೆಂಡಲ್ಲಿ ಜಿರಾಫೆ, ಜೀಬ್ರಾ ಮಧ್ಯೆ ನಡೆದೇ ಓಡಾಡೋದು. ಬೆಳಗ್ಗೆ ಬೇಗ ಏಳೋಕಾಗಲ್ಲ ಅನ್ನೋರಿಗೆ, ಹತ್ತು ಗಂಟೆ ಗಾಡಿಯಲ್ಲಿ ಕೂರಲಾರೆ ಅನ್ನೋರಿಗೆ ನಾನು ನಕೂರು ಬಿಟ್ಟು ಇದನ್ನೇ ಹೇಳೋದು, ಮೇಲಿನ ಮಂಡಿ ನೋವಿನ ಸರ್ ಕೂಡ ಯೋಚನೆ ಮಾಡಬಹುದು. ಲೈಫ್ ಜಾಕೆಟ್ ಕೊಡದ ಬೋಟ್ ಹತ್ತಬೇಡಿ. ಹಿಪ್ಪೋ ಹತ್ರ ಹೋಗು ಇನ್ನೂ ಹತ್ರ ಹೋಗು ಅಂತ ಬೋಟಿನವನಿಗೆ ಗಂಟು ಬೀಳಬೇಡಿ, ನೋಡೋಕೆ ಸೋಮಾರಿ ಥರ ಕಂಡ್ರೂ ಅದು ಬೋಟ್ ಮಗುಚಿ ಹಾಕೋ ಪ್ರಾಣಿ.

ಪ್ರಶ್ನೆ: ಕೀನ್ಯಾಗೆ ವೀಸಾ ಬೇಡ್ವಂತೆ, ಹಾಗಾದ್ರೆ ಪಾಸ್‌ಪೋರ್ಟ್ ಹಿಡ್ಕೊಂಡು ಹೊರಟ್ರೆ ಸಾಕಾ?

ಸಾಲಲ್ಲ. 2024ರ ಜನವರಿಯಿಂದ ವೀಸಾ ಬದಲು ಇಟಿಎ ಅಂತ ಮಾಡಿದಾರೆ, ಆನ್‌ಲೈನಲ್ಲಿ ಅರ್ಜಿ ಹಾಕಿ ದುಡ್ಡು ಕಟ್ಟಿ ಒಪ್ಪಿಗೆ ಬಂದ ಮೇಲೇ ವಿಮಾನ ಹತ್ತಬೇಕು, ಹೊರಡೋ ಹಿಂದಿನ ದಿನಕ್ಕೆ ಇಟ್ಕೋಬೇಡಿ. ಜನ ಮರೆಯೋದು ಯೆಲ್ಲೋ ಫೀವರ್ ಇಂಜೆಕ್ಷನ್. ಅಲ್ಲಿ ಕೇಳ್ತಾರೋ ಬಿಡ್ತಾರೋ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಅದು ಹಾಕಿಸ್ಕೊಂಡಿದ್ದಕ್ಕೆ ಕೊಡೋ ಹಳದಿ ಕಾರ್ಡ್ ಕೇಳ್ತಾರೆ, ಕೀನ್ಯಾದಿಂದ ಬಂದೋರ ಹತ್ರ ಇಲ್ಲಾಂದ್ರೆ ಕ್ವಾರಂಟೈನಲ್ಲಿ ಕೂರಿಸ್ಬಹುದು. ಇಂಜೆಕ್ಷನ್ ತಗೊಂಡು 10 ದಿನ ಆದ ಮೇಲೇ ಕಾರ್ಡ್ ಚಾಲ್ತಿಗೆ ಬರತ್ತೆ, ಸರ್ಕಾರ ಗೊತ್ತು ಮಾಡಿರೋ ಕೇಂದ್ರಗಳಲ್ಲಿ ಮಾತ್ರ ಹಾಕ್ತಾರೆ, ಅಲ್ಲೂ ದಿನ ಕಾಯಬೇಕಾಗತ್ತೆ. ವಯಸ್ಸು 60 ದಾಟಿದೋರು ಮೊದಲು ನಿಮ್ಮ ಡಾಕ್ಟರ್ ಹತ್ರ ಮಾತಾಡಿ, ಎಲ್ಲರಿಗೂ ಆ ಲಸಿಕೆ ಹೊಂದಲ್ಲ. ಮಲೇರಿಯಾ ಮಾತ್ರೆ ಬೇಕಾ ಅನ್ನೋದನ್ನೂ ಅವರನ್ನೇ ಕೇಳ್ಬಿಡಿ.

ಹಳದಿ ಕಾರ್ಡನ್ನ ಪಾಸ್‌ಪೋರ್ಟ್ ಜೊತೆಗೇ ಪಿನ್ ಮಾಡಿಡಿ, ಚೆಕ್-ಇನ್ ಬ್ಯಾಗಿಗೆ ಹಾಕಿದ್ರೆ ಇಮಿಗ್ರೇಷನ್ ಮುಂದೆ ನಿಂತಾಗ ಕೈಗೆ ಸಿಗಲ್ಲ.