ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಯಾವ ಧೈರ್ಯವಂತರ ಮೇಲೆ ಸಾಕ್ಷ್ಯಚಿತ್ರ ಮಾಡಬಹುದು?

ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಬೇಕು, ಊರು ಅಂದುಕೊಂಡಿದ್ದಕ್ಕೆ ಉಲ್ಟಾ ನಡೆದ ನಮ್ಮ ಭಾಗದವರೊಬ್ಬರು ಬೇಕು, ಗಂಡುಗಲಿ ಕುಮಾರರಾಮ ಆಗಬಹುದೇ ಎಂದು ಕೇಳಿದ್ದೀರಿ. ನಾನು ಬಳ್ಳಾರಿಯವನು. ಮದುವೆ, ಗೃಹಪ್ರವೇಶದ ವಿಡಿಯೊ ಹೊಟ್ಟೆಪಾಡು. ಬಿಡುವಿದ್ದಾಗ ಇಂಥ ಸಣ್ಣ ಚಿತ್ರಗಳಿಗೆ ಕ್ಯಾಮೆರಾ ಹಿಡಿಯುತ್ತೇನೆ. ನನ್ನನ್ನು ಕೇಳಿದರೆ ಕುಮಾರರಾಮ ಬೇಡ, ನಾಟಕದ ನಟ ಬಳ್ಳಾರಿ ರಾಘವರನ್ನು ಮಾಡಿ.

ಕುಮಾರರಾಮನ ಧೈರ್ಯದ ಮೇಲೆ ನನಗೇನೂ ಅನುಮಾನವಿಲ್ಲ. ದಿಲ್ಲಿ ಸುಲ್ತಾನನ ಮೇಲೆ ತಿರುಗಿಬಿದ್ದ ಬಹಾವುದ್ದೀನನಿಗೆ ಆಸರೆ ಕೊಟ್ಟು, 1327ರ ಸುಮಾರಿಗೆ ಕುಮಾರರಾಮನ ತಂದೆಯ ಕಂಪಿಲಿ ರಾಜ್ಯವೇ ಹೋಯಿತು. ಆದರೆ ಇದರಲ್ಲಿ ಇತಿಹಾಸ ಎಷ್ಟು, ಸಾಂಗತ್ಯದ ಕವಿಗಳು ಕಟ್ಟಿದ್ದೆಷ್ಟು ಎಂದು ಬಿಡಿಸಿ ಹೇಳುವುದರಲ್ಲೇ ನಿಮ್ಮ ಅರ್ಧ ಗಂಟೆ ಮುಗಿಯುತ್ತದೆ. ತೋರಿಸಲು ಉಳಿಯುವುದೇನು? ಗಂಗಾವತಿ ಹತ್ತಿರದ ಕುಮ್ಮಟದ ಗುಡ್ಡದ ಮೇಲೊಂದು ಡ್ರೋನ್ ಶಾಟ್, ಹಿಂದೆ ಡೊಳ್ಳು, ಗಡಸು ದನಿಯ ನಿರೂಪಣೆ. ಅಂಥವು ಬೇಕಾದಷ್ಟು ಆಗಿವೆ.

ರಾಘವರು ಹುಟ್ಟಿದ್ದು ತಾಡಪತ್ರಿಯಲ್ಲಿ, 1880ರಲ್ಲಿ. ಬೆಳೆದದ್ದು, ವಕೀಲಿಯಲ್ಲಿ ಹೆಸರು ಮಾಡಿದ್ದು ನಮ್ಮೂರಲ್ಲಿ. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲೇ ವಕೀಲರು, ತೆಲುಗು ನಾಟಕಗಳ ಪಿತಾಮಹ ಎನಿಸಿಕೊಂಡವರು. ಅವರಿಗೆ ಪೈಪೋಟಿಯಂತಿದ್ದ ಕೋಲಾಚಲಂ ಶ್ರೀನಿವಾಸರಾಯರೂ ಬಳ್ಳಾರಿಯ ವಕೀಲರೇ. ಆ ಕಾಲದ ನಮ್ಮ ಕೋರ್ಟಿನಲ್ಲಿ ಕಕ್ಷಿದಾರರಿಗಿಂತ ನಾಟಕದವರೇ ಹೆಚ್ಚಿದ್ದರೇನೋ! ಕೋಲಾಚಲಂ ಅವರು ವಿಜಯನಗರದ ಪತನದ ಮೇಲೆ ಬರೆದ ನಾಟಕದಲ್ಲಿ ವೈಷ್ಣವರ ಮನೆಯ ವಕೀಲರಾದ ರಾಘವರು ಪಠಾಣ ರುಸ್ತುಂ ಆಗಿ ನಿಂತರು. ಅವರಿಗೆ ದೊಡ್ಡ ಹೆಸರು ತಂದ ಪಾತ್ರಗಳಲ್ಲಿ ಅದೊಂದು.

ಧೈರ್ಯ ಎಲ್ಲಿದೆ ಎಂದರೆ, ಮುಖ್ಯವಾಗಿ ಎರಡು ಕಡೆ. ಆಗಿನ ನಾಟಕ ಎಂದರೆ ಪದ್ಯ. ಸಾಯುವ ಪಾತ್ರವೂ ಹಾರ್ಮೋನಿಯಂ ಕಡೆ ತಿರುಗಿ ರಾಗ ಎಳೆಯಬೇಕು, ಜನ ‘ವನ್ಸ್ ಮೋರ್’ ಅಂದರೆ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು. ಆ ಹಾಡಿನ ಭರಾಟೆಯನ್ನು ತಗ್ಗಿಸಿ, ಮಾತು ಮತ್ತು ಮುಖದಲ್ಲೇ ಪಾತ್ರ ನಿಲ್ಲಿಸಲು ಹೊರಟವರು ರಾಘವರು. ಚಪ್ಪಾಳೆ ಎಲ್ಲಿಂದ ಬರುತ್ತದೋ ಅದನ್ನೇ ಬಿಡುವುದು ಯಾವ ನಟನಿಗೂ ಸಲೀಸಲ್ಲ. ಎರಡನೆಯದು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದದ್ದು. ಮೀಸೆ ಬೋಳಿಸಿದ ಗಂಡಸರು ಸೀರೆ ಉಟ್ಟು ಬರುತ್ತಿದ್ದ ಕಾಲ; ಮನೆತನದ ಹೆಣ್ಣುಮಕ್ಕಳು ರಂಗದ ಮೇಲೆ ಬಂದರೆ ಮಾನ ಹೋಯಿತು ಎನ್ನುತ್ತಿದ್ದ ಕಾಲ. ಕೊಪ್ಪರಪು ಸರೋಜಿನಿ, ಕೊಮ್ಮೂರಿ ಪದ್ಮಾವತಿದೇವಿ ಅವರಂಥವರು ಇವರ ಜೊತೆ ಪಾತ್ರ ಮಾಡಿದರು. ನಿಜ ಹೇಳಬೇಕೆಂದರೆ ರಾಘವರಿಗಿಂತ ಹೆಚ್ಚಿನ ಎದೆಗಾರಿಕೆ ಆ ಹೆಣ್ಣುಮಕ್ಕಳದು. ನಾನಾಗಿದ್ದರೆ ಚಿತ್ರವನ್ನು ಅವರಿಂದಲೇ ಶುರು ಮಾಡುತ್ತಿದ್ದೆ.

ನಿಮಗೆ ಇನ್ನೊಂದು ಅನುಕೂಲವಿದೆ: ರಾಘವರು ಸಿನಿಮಾದಲ್ಲೂ ನಟಿಸಿದ್ದಾರೆ. 1936ರ ‘ದ್ರೌಪದಿ ಮಾನಸಂರಕ್ಷಣಂ’ದಲ್ಲಿ ದುರ್ಯೋಧನ, ಜಮೀನ್ದಾರರ ಕಣ್ಣು ಕೆಂಪಗಾಗಿಸಿದ 1939ರ ‘ರೈತು ಬಿಡ್ಡ’ದಲ್ಲೂ ಇದ್ದಾರೆ. ಸ್ಕ್ರಿಪ್ಟ್ ಬರೆಯುವ ಮೊದಲು ಇವುಗಳ ಪ್ರಿಂಟು, ಹಕ್ಕು ವಿಚಾರಿಸಿ. ನಟನ ಚಿತ್ರದಲ್ಲಿ ಅವನ ನಟನೆಯ ಒಂದು ನಿಮಿಷವಾದರೂ ಬೇಡವೇ?

ರಾಘವರು ಒಗ್ಗದಿದ್ದರೆ ಕೊಪ್ಪಳದ ಕೋಟೆ ಹತ್ತಿ. ಒಂದೇ ಕೋಟೆ, ಎರಡು ದಂಗೆ. 1819ರಲ್ಲಿ ನಿಜಾಮನ ವಿರುದ್ಧ ಎದ್ದ ವೀರಪ್ಪ ಇದನ್ನೂ ಹತ್ತಿರದ ಬಹದ್ದೂರಬಂಡಿ ಕೋಟೆಯನ್ನೂ ಹಿಡಿದ. ಬಿಡಿಸಲು ಕಂಪನಿಯ ಫೌಜು ಬರಬೇಕಾಯಿತು. 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆಯ ಕೆಂಚನಗೌಡ ಅದೇ ಕೋಟೆಯಲ್ಲಿ ಕಾದಾಡಿ ಸತ್ತರು. ಭೀಮರಾಯ ಅದಕ್ಕೂ ಮುಂಚೆ ಕಂಪನಿ ಸರ್ಕಾರದಲ್ಲೇ ಕೆಲಸದಲ್ಲಿದ್ದವನು, ಅಂದರೆ ಸಂಬಳ ಎಣಿಸಿಕೊಂಡು ಸುಮ್ಮನಿರಬಹುದಾಗಿದ್ದವನು. ಕತೆ ಗಟ್ಟಿ, ಆದರೆ ನಿಮ್ಮ ಬಳಿ ಇರುವುದು ಬರೀ ಕಲ್ಲು. ಬೇಸಿಗೆಯಲ್ಲಂತೂ ಹೋಗಬೇಡಿ. ಒಂಬತ್ತಕ್ಕೆಲ್ಲ ಬಂಡೆ ಕಾದು ಬಿಸಿಗಾಳಿ ಫ್ರೇಮಿನೊಳಗೇ ಕುಣಿಯತೊಡಗುತ್ತದೆ, ಫೋನಂತೂ ಸುಟ್ಟು ಆಫ್ ಆಗುತ್ತದೆ.

ರಾಯಚೂರಿನ ಪಂಡಿತ ತಾರಾನಾಥರೂ ಇದ್ದಾರೆ: ಮಂಗಳೂರಿನಿಂದ ಬಂದು, ನಿಜಾಮನ ಆಳ್ವಿಕೆಯ ಊರಲ್ಲಿ ಹಮ್‌ದರ್ದ್ ಶಾಲೆ ತೆರೆದು, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದವರು. ಸರೋದ್ ವಾದಕ ರಾಜೀವ್ ತಾರಾನಾಥರು ಅವರ ಮಗ. ವೈದ್ಯ, ಶಿಕ್ಷಣ, ಸಂಗೀತ, ನಾಟಕ ಎಲ್ಲವೂ ಇದೆ. ಅರ್ಧ ಗಂಟೆಗೆ ಅಷ್ಟು ದೊಡ್ಡ ಬದುಕು ಹಿಡಿಸದು.

ಹಾಗಾಗಿ ನನ್ನ ವೋಟು ರಾಘವರಿಗೇ. ಇಲ್ಲಿ ರಾಘವ ಕಲಾಮಂದಿರವಿದೆ, ಬಳ್ಳಾರಿಯ ರಂಗಭೂಮಿಯವರು ಈಗಲೂ ಅವರ ಹೆಸರು ಹೇಳುತ್ತಾರೆ. ಆದರೆ 1953ರವರೆಗೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ, ರಾಘವರ ಬಗೆಗಿನ ಬರಹ ಹೆಚ್ಚಾಗಿ ಸಿಗುವುದು ತೆಲುಗಿನಲ್ಲಿ. ಓದಿ ಹೇಳಬಲ್ಲ ಗೆಳೆಯರೊಬ್ಬರನ್ನು ತಂಡಕ್ಕೆ ಸೇರಿಸಿಕೊಳ್ಳಿ. ಬಳ್ಳಾರಿಯಲ್ಲಿ ಅಂಥವರು ಸುಲಭವಾಗಿ ಸಿಗುತ್ತಾರೆ.