ಬ್ಯಾಜರ್ ಬ್ರಶ್ ಆರ್ಡರ್ ಮಾಡುವ ಮೊದಲು: ಹಳೇ ಕ್ರಮದ ಶೇವಿಂಗ್ ಬಗ್ಗೆ ಯಾರೂ ಒಪ್ಪದ ಕೆಲವು ಮಾತು

ನಿಮ್ಮ ಪ್ರಶ್ನೆ ಹೀಗಿದೆ: "ಸೇಫ್ಟಿ ರೇಜರ್, ಬ್ರಶ್, ಸೋಪು ಇಟ್ಟುಕೊಂಡು ಹಳೇ ಕ್ರಮದಲ್ಲಿ ಶೇವ್ ಮಾಡುವವರೇ, ಉಳಿದವರು ಒಪ್ಪದಂಥ ಅಭಿಪ್ರಾಯ ನಿಮಗೇನಾದರೂ ಇದೆಯಾ? ನಾನಿರುವುದು ಸುರತ್ಕಲ್‌ನಲ್ಲಿ. ಬ್ಯಾಜರ್ ಬ್ರಶ್, ಪ್ರೀ-ಶೇವ್ ಎಣ್ಣೆ, ಜರ್ಮನ್ ರೇಜರ್ ತರಿಸಬೇಕೆಂದಿದ್ದೇನೆ."

ಇನ್ನೂ ಆರ್ಡರ್ ಹಾಕಿಲ್ಲ ತಾನೇ? ಹಾಗಾದರೆ ಸ್ವಲ್ಪ ತಡೆಯಿರಿ.

ನಾನು ಉಡುಪಿಯವನು, ವರ್ಷಗಳಿಂದ ಡಬಲ್ ಎಡ್ಜ್ ಬ್ಲೇಡಿನಲ್ಲೇ ಗಡ್ಡ ತೆಗೆಯುವವನು. ಈ ಹವ್ಯಾಸದ ಬಗ್ಗೆ ಓದಲು ಸಿಗುವುದೆಲ್ಲ ಹೆಚ್ಚಾಗಿ ಚಳಿ ದೇಶದವರು ಬರೆದದ್ದು. ಅಲ್ಲಿನ ಗಾಳಿ ಬೇರೆ, ನೀರು ಬೇರೆ. ಅವರು ಹೇಳಿದ್ದನ್ನು ಹಾಗೇ ಕರಾವಳಿಯ ಬಚ್ಚಲಿಗೆ ತಂದರೆ ಅರ್ಧ ದುಡ್ಡು ದಂಡ. ನನ್ನ ತಕರಾರು ಇಷ್ಟೇ.

ಮೊದಲು ಬ್ರಶ್. ಬ್ಯಾಜರ್ ಅನ್ನುವ ಪ್ರಾಣಿಯ ಕೂದಲಿನ ಬ್ರಶ್ ಈ ಹವ್ಯಾಸದವರಿಗೆ ದೇವರಕೋಣೆಯ ಸಾಮಾನು ಇದ್ದ ಹಾಗೆ, ಅದರ ಬಗ್ಗೆ ಎದುರು ಮಾತಾಡುವಂತಿಲ್ಲ. ಅದರ ದೊಡ್ಡ ಗುಣ ಅಂದರೆ ನೀರು ಹಿಡಿದಿಟ್ಟುಕೊಳ್ಳುವುದು. ನಮ್ಮಲ್ಲಿ ಅದೇ ದೋಷ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೈರಾಸೇ ಒಣಗದ ದಿನಗಳು ಅವು. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಹೀಗೆ ಮಾಡಿ ನೋಡಿ. ಹಿಂದಿನ ದಿನ ಬೆಳಿಗ್ಗೆ ತೊಳೆದು, ಕೊಡವಿ, ನೇತುಹಾಕಿದ ಬ್ಯಾಜರ್ ಬ್ರಶ್ ತೆಗೆದುಕೊಳ್ಳಿ. ತುದಿ ಮುಟ್ಟಿದರೆ ಒಣಗಿ ಅರಳಿರುತ್ತದೆ. ಈಗ ಹಿಡಿಗೆ ಅಂಟಿದ ಬುಡವನ್ನು ಎರಡು ಬೆರಳಲ್ಲಿ ಹಿಸುಕಿ. ತಣ್ಣಗೆ, ಜಿಡ್ಡುಜಿಡ್ಡಾಗಿ ಇರುತ್ತದೆ. ಮೂಗಿಗೆ ಹಿಡಿದರೆ ಹಳೇ ಸೋಪಿನ ಜೊತೆ ಮುಗ್ಗಲು ವಾಸನೆ. ಹಾಗೇ ಬಿಟ್ಟರೆ ಕಪ್ಪು ಚುಕ್ಕಿ ಏಳುತ್ತದೆ. ಅದು ಬೂಷ್ಟು. ಬ್ಲೇಡು ತಾಗುವ ಮುಖಕ್ಕೆ ಅದನ್ನು ತಿಕ್ಕಿಕೊಳ್ಳಬೇಕಾ?

ಸ್ಟ್ಯಾಂಡಿನಲ್ಲಿ ತಲೆಕೆಳಗಾಗಿ ತೂಗುಹಾಕಿ ಅನ್ನುತ್ತಾರೆ. ಗಾಳಿಯಲ್ಲೇ ನೀರು ತುಂಬಿರುವಾಗ ಹೇಗೆ ತೂಗುಹಾಕಿದರೂ ಒಂದೇ. ಬಚ್ಚಲಿನಿಂದ ಹೊರಗೆ ತಂದು ಫ್ಯಾನಿನ ಕೆಳಗೆ ಇಡುವುದು ಅದಕ್ಕಿಂತ ಮೇಲು. ಅಷ್ಟೆಲ್ಲ ಉಪಚಾರ ಯಾಕೆ, ಸಿಂಥೆಟಿಕ್ ಬ್ರಶ್ ತೆಗೆದುಕೊಳ್ಳಿ. ಆ ನಾರು ನೀರು ಕುಡಿಯುವುದಿಲ್ಲ. ನಾಲ್ಕು ಸಲ ಕೊಡವಿ ಬೈರಾಸಿಗೆ ಒರೆಸಿದರೆ ಮುಗಿಯಿತು. "ಮುಖಕ್ಕೆ ಆ ಸುಖ ಇಲ್ಲ" ಅನ್ನುವವರು ಹಳೇ ನೈಲಾನ್ ಬ್ರಶ್‌ನ ನೆನಪಿನಲ್ಲಿ ಮಾತಾಡುತ್ತಾರೆ. ಈಗಿನದು ಸಾಕಷ್ಟು ಮೆದು.

ಇನ್ನು ಸೋಪು. ಯಾವ ಸೋಪಿಗೆ ನೊರೆ ಚೆನ್ನಾಗಿ ಬರುತ್ತದೆ ಅಂತ ಜನ ಪುಟಗಟ್ಟಲೆ ಜಗಳಾಡುತ್ತಾರೆ. ನಿಮ್ಮ ಮನೆಯ ನೀರು ಯಾವುದು ಅಂತ ಕೇಳುವವರೇ ಇಲ್ಲ. ನೊರೆ ಅರ್ಧಕ್ಕರ್ಧ ನೀರಿನ ಕೆಲಸ. ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇರುವ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಒಡೆದು ಬಿಳಿ ಕಿಟ್ಟವಾಗುತ್ತದೆ. ಬೋರ್‌ವೆಲ್ ನೀರಿನ ಬೆಂಗಳೂರಿನವರು ದುಬಾರಿ ಸೋಪು ಹುಡುಕುತ್ತಾ ಇದ್ದರೆ ಅದಕ್ಕೊಂದು ಅರ್ಥ ಇದೆ. ನಮ್ಮದು ಮುರಕಲ್ಲಿನ ನೆಲ, ಬಾವಿ ನೀರು ಸಾಮಾನ್ಯವಾಗಿ ಮೆದು. ಮಂಗಳೂರಿನ ನಳ್ಳಿಗೆ ಬರುವುದು ತುಂಬೆಯಲ್ಲಿ ಕಟ್ಟಿ ನಿಲ್ಲಿಸಿದ ನೇತ್ರಾವತಿ ನೀರು. ಉಡುಪಿಗೆ ಬಜೆಯಿಂದ ಸ್ವರ್ಣಾ ನದಿಯದ್ದು. ಇಂಥ ನೀರಿಗೆ ಅಂಗಡಿಯ ಮಾಮೂಲಿ ಶೇವಿಂಗ್ ಕ್ರೀಮ್ ಧಾರಾಳ ಸಾಕು, ಅದೂ ಬಟಾಣಿ ಕಾಳಿನಷ್ಟು. ಜಾಸ್ತಿ ಹಾಕಿದರೆ ತೊಳೆದಷ್ಟೂ ಮುಖ ಜಾರುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ. ಕಡಲ ಬದಿಯ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುವುದುಂಟು. ಸುರತ್ಕಲ್‌ನಲ್ಲಿ ನಿಮ್ಮದು ಬಾವಿ ನೀರಾದರೆ ಇದು ತಾಗಬಹುದು. ಇದ್ದಕ್ಕಿದ್ದ ಹಾಗೆ ನೊರೆ ಸತ್ತರೆ ಸೋಪಿಗೆ ಬೈಯಬೇಡಿ. ಶೇವಿಂಗ್‌ಗೆ ಮಾತ್ರ ಒಂದು ಲೋಟ ಕುಡಿಯುವ ನೀರು ಬಳಸಿ. ಮಳೆಗಾಲದಲ್ಲಾದರೆ ಸೂರಿನ ನೀರು ಹಿಡಿದು ನೋಡಿ, ಬ್ರಶ್ ತಿರುಗಿಸುವುದೇ ತಡ ನೊರೆ ತುಂಬುತ್ತದೆ.

ಶೇವ್‌ಗೆ ಮೊದಲು ಹಚ್ಚುವ ಪ್ರೀ-ಶೇವ್ ಎಣ್ಣೆ ಬೇಡವೇ ಬೇಡ. ನಮ್ಮವರಿಗೆ ತೆಂಗಿನೆಣ್ಣೆ ಕಂಡರೆ ಎಲ್ಲಾದಕ್ಕೂ ಹಚ್ಚುವ ಉಮೇದು, ಗೊತ್ತಲ್ಲ. ಆದರೆ ಎಣ್ಣೆ ನೊರೆಯನ್ನು ಇಳಿಸುತ್ತದೆ. ಕೂದಲನ್ನು ಮೆದು ಮಾಡುವುದು ನೀರು. ಸ್ನಾನ ಮುಗಿಸಿದ ಕೂಡಲೇ ಶೇವ್ ಮಾಡಿ, ಎಣ್ಣೆ ಬೇಕಿದ್ದರೆ ಆಮೇಲೆ ಒಂದು ಹನಿ ಹಚ್ಚಿ. ಮೈಗೆ ಹಚ್ಚುವ ಸೋಪಿನಲ್ಲೇ ಶೇವ್ ಮಾಡಬಹುದಲ್ಲ ಅನ್ನುವವರಿಗೂ ಒಂದು ಮಾತು. ತೆಂಗಿನೆಣ್ಣೆಯ ಸೋಪಿಗೆ ನೊರೆ ಬುರುಬುರು ಏಳುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ, ಅದಕ್ಕೇ ಅದರ ನೊರೆ ದಟ್ಟವಾಗಿ ನಿಲ್ಲುತ್ತದೆ.

ರೇಜರ್? ಆಸೆ ಇದ್ದರೆ ಜರ್ಮನಿಯದ್ದೇ ತರಿಸಿ, ತಪ್ಪೇನಿಲ್ಲ. ಆದರೆ ಮುಖಕ್ಕೆ ತಾಗುವುದು ಬ್ಲೇಡು. ಟೋಪಾಜ್, ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್ ಹೀಗೆ ಒಂದೊಂದು ಪ್ಯಾಕು ತಂದು ನೋಡಿ. ನನಗೆ ಆಗುವುದು ನಿಮಗೆ ಆಗಬೇಕೆಂದಿಲ್ಲ.

"ಅಜ್ಜನ ಕಾಲದ ಕ್ರಮ" ಅಂತ ಇದನ್ನು ಮಾರುವುದು ಕಂಡರೆ ನನಗೆ ನಗು. ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಅಮೆರಿಕದಲ್ಲಿ ಸೇಫ್ಟಿ ರೇಜರ್ ಮಾರಲು ಶುರು ಮಾಡಿದ, 1904ರಲ್ಲಿ ಪೇಟೆಂಟ್ ಸಿಕ್ಕಿತು. ಅವನ ಇಡೀ ಲೆಕ್ಕಾಚಾರ ಬಳಸಿ ಬಿಸಾಡುವ ಬ್ಲೇಡಿನ ಮೇಲೆ ನಿಂತದ್ದು. ನಾವು ಬೈಯುವ ಕಾರ್ಟ್ರಿಜ್, ಅಂದರೆ ಬ್ಲೇಡಿನ ತಲೆಯನ್ನೇ ಬದಲಿಸುವ ಈಗಿನ ರೇಜರ್ ಕೂಡ ಅದೇ ವ್ಯಾಪಾರ ತಾನೇ? ನಮ್ಮೂರ ಅಜ್ಜಂದಿರಲ್ಲಿ ಎಷ್ಟೋ ಮಂದಿ ರೇಜರ್ ಹಿಡಿದವರೇ ಅಲ್ಲ. ಕ್ಷೌರದವರು ಮನೆಗೆ ಬರುತ್ತಿದ್ದರು, ಜಗಲಿಯಲ್ಲೇ ಎಲ್ಲ ಆಗುತ್ತಿತ್ತು. ಕಾರ್ಟ್ರಿಜ್‌ನವರನ್ನು ಕೀಳಾಗಿ ನೋಡುವುದೂ ನನಗೆ ಹಿಡಿಸುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಓಡುವವರಿಗೆ, ಕೈ ನಡುಗುವ ಹಿರಿಯರಿಗೆ ಅದೇ ಸರಿ. 2010ರಲ್ಲಿ ಭಾರತಕ್ಕೆಂದೇ ಬಂದ ಜಿಲೆಟ್ ಗಾರ್ಡ್ ಒಂದೇ ಬ್ಲೇಡಿನದು. ನಳ್ಳಿ ಇಲ್ಲದೆ ಒಂದು ಲೋಟ ನೀರಿನಲ್ಲಿ ಶೇವ್ ಮಾಡುವವರನ್ನು ನೋಡಿ ಮಾಡಿದ್ದು. ಅದು ಜಾಣ ಕೆಲಸ ಅಲ್ವಾ?

ಮೂರು ಸುತ್ತು ಶೇವ್ ಮಾಡಿ ಗಲ್ಲವನ್ನು ಮಗುವಿನದ್ದರಂತೆ ನುಣ್ಣಗೆ ಮಾಡುವ ಹುಚ್ಚು ಇನ್ನೊಂದು. ಕೂದಲಿನ ಎದುರು ದಿಕ್ಕಿಗೆ ಒತ್ತಿ ಗೀರಿದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗಬಹುದು. ಗುಂಗುರು ಕೂದಲಿನವರಿಗೆ ಅದು ಒಳಗೇ ಬಾಗಿ ಬೆಳೆದು ಗುಳ್ಳೆಯಾಗುತ್ತದೆ. ಮೇಲಿಂದ ನಮ್ಮ ಸೆಖೆ, ಬೆವರು. ಕುತ್ತಿಗೆಯಲ್ಲಿ ಬೆವರುಸಾಲೆ ಅಂದುಕೊಂಡದ್ದು ಎಷ್ಟೋ ಸಲ ಇದೇ. ಕೂದಲು ಹೋಗುವ ದಿಕ್ಕಿಗೆ ಒಂದು ಸುತ್ತು, ಮದುವೆ ಊಟಕ್ಕೆ ಹೋಗುವುದಿದ್ದರೆ ಅಡ್ಡಕ್ಕೆ ಇನ್ನೊಂದು. ಮಂಗಳವಾರ ಗಡ್ಡ ತೆಗೆಯಬಾರದು ಅನ್ನುವ ಹಿರಿಯರ ಮಾತಿಗೆ ಶಾಸ್ತ್ರ ಏನಿದೆಯೋ, ಚರ್ಮಕ್ಕೆ ಆ ರಜೆ ಒಳ್ಳೆಯದೇ.

ಆಫ್ಟರ್‌ಶೇವ್‌ಗಿಂತ ಪಟಿಕ ಮೇಲು. ರಕ್ತ ನಿಲ್ಲಿಸುತ್ತದೆ. ಎಲ್ಲಿ ಒತ್ತಿ ಗೀರಿದ್ದೀರಿ ಅನ್ನುವುದನ್ನೂ ಉರಿಸಿ ತೋರಿಸುತ್ತದೆ. ಆದರೆ ಸೆಲೂನಿನ ಪಟಿಕ ನಾನು ಬೇಡ ಅನ್ನುತ್ತೇನೆ, ಇದಕ್ಕೆ ಸ್ನೇಹಿತರು ನನ್ನನ್ನು ಗೇಲಿ ಮಾಡುತ್ತಾರೆ. ಅಲ್ಲಿ ನಿಮ್ಮೆದುರೇ ಹೊಸ ಬ್ಲೇಡನ್ನು ಕಾಗದದ ಸಮೇತ ಮಡಚಿ, ಟಕ್ ಅಂತ ಎರಡು ತುಂಡು ಮಾಡಿ, ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ. ನೋಡಿ ಸಮಾಧಾನ ಆಗುತ್ತದೆ. ಕೊನೆಗೆ ಬೆಳಿಗ್ಗೆಯಿಂದ ಬಂದವರೆಲ್ಲರ ಗೀರಿದ ಕೆನ್ನೆಗೆ ಉಜ್ಜಿದ ಅದೇ ಪಟಿಕದ ತುಂಡು ನಿಮ್ಮ ಕೆನ್ನೆಗೂ ಬರುತ್ತದೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೂ ಕನಿಷ್ಠ 7 ದಿನ ಬದುಕಬಲ್ಲದು. ಬ್ಲೇಡಿಗೆ ಇರುವ ಮಡಿ ಪಟಿಕಕ್ಕೆ ಯಾಕಿಲ್ಲ?

ಕೊನೆಯದು ಬಳಸಿದ ಬ್ಲೇಡು. ಪ್ಲಾಸ್ಟಿಕ್ ಇಲ್ಲ, ಪರಿಸರಕ್ಕೆ ಒಳ್ಳೆಯದು ಅಂತ ಎದೆ ತಟ್ಟಿಕೊಳ್ಳುವವರೇ ಅದನ್ನು ಒಣ ಕಸಕ್ಕೆ ಹಾಗೇ ಎಸೆಯುತ್ತಾರೆ. ಅದನ್ನು ಬರಿಗೈಯಲ್ಲಿ ಹೆಕ್ಕುವವರು ಇರುತ್ತಾರೆ. ಹಳೇ ಮನೆಗಳಲ್ಲಿ ಬಚ್ಚಲಿನ ಹಂಚಿನ ಸಂದಿಗೆ ಸಿಕ್ಕಿಸುವ ಅಭ್ಯಾಸ ಇತ್ತು, ಮಾಡಿನ ಹಂಚು ತೆಗೆದು ಸರಿಮಾಡುವವರ ಬೆರಳಿಗೆ ಅದು ಸಿಗುತ್ತಿತ್ತು. ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಟೇಪು ಸುತ್ತಿ, ಮೇಲೆ ದೊಡ್ಡದಾಗಿ ಬ್ಲೇಡು ಅಂತ ಬರೆದು, ಕಸದ ಗಾಡಿಯವರ ಕೈಗೆ ಹೇಳಿ ಕೊಡಿ. ದಿನ ಬಿಟ್ಟು ದಿನ ಶೇವ್ ಮಾಡುವವರಿಗೆ ಒಂದು ಡಬ್ಬಿ ತುಂಬಲು ವರ್ಷಗಳೇ ಬೇಕು.